ಟ್ರೇಲರು ಹಿಂದಕ್ಕೇಕೆ ನೆಟ್ಟಗೆ ಹೋಗದು?

ಬೆಳಗಾವಿ ಜಿಲ್ಲೆಯ ಅಥಣಿ ತಾಲ್ಲೂಕಿಗೆ ಸೇರಿದ ಐಗಳಿಯ ಸುತ್ತಮುತ್ತ ಕಬ್ಬು ನುರಿಸುವ ಹಂಗಾಮಿನಲ್ಲಿ ಸಂಚರಿಸಿದವರಿಗೆ ಒಂದು ನೋಟ ಚಿರಪರಿಚಿತವಾದುದು. ಮುಂದೆ ಒಂದು ಟ್ರ್ಯಾಕ್ಟರು, ಅದರ ಬೆನ್ನಿಗೆ ಒಂದು ಟ್ರೇಲರು, ಅದರ ಬೆನ್ನಿಗೆ ಇನ್ನೊಂದು. ಎರಡರಲ್ಲಿಯೂ ಅಟ್ಟದಂತೆ ಹೇರಿದ ಕಬ್ಬು. ಕಡಿದ ಕಬ್ಬನ್ನು ಬಹಳ ಹೊತ್ತು ಬಿಟ್ಟರೆ ಅದರೊಳಗಿನ ಸಕ್ಕರೆ ಇಳಿಯುತ್ತ ಹೋಗುವುದರಿಂದ, ಹಗಲಿರುಳೆನ್ನದೆ ಈ ಗಾಡಿಗಳು ಅಥಣಿಯ ಕೃಷ್ಣಾ ಸಹಕಾರಿ ಕಾರ್ಖಾನೆಯ ಕಡೆಗೋ ಉಗಾರದ ಕಾರ್ಖಾನೆಯ ಕಡೆಗೋ ಸಾಗುತ್ತಿರುತ್ತವೆ. ಹತ್ತಾರು ಟನ್ನು ಭಾರವನ್ನು ಮುಂದಕ್ಕೆ ಎಳೆದೊಯ್ಯುವುದನ್ನು ಯಾರೂ ದೊಡ್ಡ ಚಾತುರ್ಯವೆಂದು ಎಣಿಸುವುದಿಲ್ಲ. ಅದೇ ಟ್ರೇಲರನ್ನು, ಅದು ಬರಿದಾಗಿದ್ದಾಗಲೂ, ಹೊಲದ ದಾರಿಯಲ್ಲಿ ಇಪ್ಪತ್ತು ಮೀಟರು ಹಿಂದಕ್ಕೆ ನಡೆಸಬೇಕಾದರೆ ಹೊಸಬನ ಕೈ ನಡುಗುತ್ತದೆ. ಈ ಗಡಿನಾಡಿನ ಜಾತ್ರೆಗಳಲ್ಲಿ ಟ್ರೇಲರು ಕಟ್ಟಿದ ಟ್ರ್ಯಾಕ್ಟರನ್ನು ಹಿಂದು ಹಿಂದಕ್ಕೆ ಓಡಿಸುವ ‘ರಿವರ್ಸ್ ಶರ್ಯತ್ತು’ಗಳನ್ನು ಏರ್ಪಡಿಸುವುದುಂಟು. ಜನರು ಇದನ್ನು ಪಂದ್ಯವಾಗಿ ಮಾಡಿಕೊಂಡಿರುವುದೇ ಇದರ ಕಷ್ಟಕ್ಕೆ ಸಾಕ್ಷಿ. ಯಂತ್ರ ಅದೇ, ಚಾಲಕನೂ ಅವನೇ. ಗತಿಯ ದಿಕ್ಕೊಂದು ಬದಲಾದ ಮಾತ್ರಕ್ಕೆ ಇಷ್ಟು ವ್ಯತ್ಯಾಸವೇಕೆ?

ಉತ್ತರವನ್ನು ಹುಡುಕಲು ಹೊಲಕ್ಕೆ ಹೋಗಬೇಕಾಗಿಲ್ಲ. ಮೂಲೆಗಳುಳ್ಳ ಒಂದು ಪೆನ್ಸಿಲನ್ನು ಮೇಜಿನ ಮೇಲಿಟ್ಟು, ಅದರ ಒಂದು ತುದಿಗೆ ದಾರ ಕಟ್ಟಿ ಎಳೆಯಿರಿ. ಮೊದಲು ಅದು ಓರೆಯಾಗಿದ್ದರೂ ಸ್ವಲ್ಪ ದೂರ ಹೋಗುವಷ್ಟರಲ್ಲಿ ದಾರದ ನೇರಕ್ಕೆ ಬಂದು ನಿಲ್ಲುವುದು. ಈಗ ದಾರವನ್ನು ಬಿಚ್ಚಿ, ಅದೇ ತುದಿಗೆ ಬೆರಳಿಟ್ಟು ಪೆನ್ಸಿಲನ್ನು ಉದ್ದಕ್ಕೆ ನೂಕಿರಿ. ಎಷ್ಟು ಜಾಗರೂಕತೆಯಿಂದ ನೂಕಿದರೂ ಅದು ಎಡಕ್ಕೋ ಬಲಕ್ಕೋ ಹೊರಳಿಕೊಳ್ಳುತ್ತದೆ. ಎಳೆಯುವಾಗ ತಪ್ಪು ತಾನಾಗಿ ತಿದ್ದಿಕೊಳ್ಳುತ್ತದೆ, ನೂಕುವಾಗ ತಾನಾಗಿ ಬೆಳೆಯುತ್ತದೆ. ಭೌತಶಾಸ್ತ್ರದ ಪಾಠದಲ್ಲಿ ನಾವು ಓದುವ ಸ್ಥಿರ ಸಮತೋಲ, ಅಸ್ಥಿರ ಸಮತೋಲ ಎಂಬ ಎರಡು ಹೆಸರುಗಳಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಮಗೆ ಕಂಡಿಲ್ಲ.

ಟ್ರೇಲರಿನ ವಿಷಯದಲ್ಲಿ ಕಾರಣವನ್ನು ಇನ್ನೂ ಸ್ಪಷ್ಟವಾಗಿ ಕಾಣಬಹುದು. ಎರಡು ಚಕ್ರದ ಟ್ರೇಲರನ್ನೇ ತೆಗೆದುಕೊಳ್ಳೋಣ. ಅದರ ಚಕ್ರಗಳು ತಮ್ಮ ನೇರಕ್ಕೆ ಉರುಳಬಲ್ಲವೇ ಹೊರತು ಅಡ್ಡಕ್ಕೆ ಜಾರಲಾರವು. ಮೂಕಿಯ ತುದಿ ಮಾತ್ರ ಟ್ರ್ಯಾಕ್ಟರಿನ ಕೊಂಡಿಯ ಅಧೀನ. ಕೊಂಡಿ ಹೋದ ಕಡೆಗೆ ಅದು ಹೋಗಲೇಬೇಕು. ಟ್ರ್ಯಾಕ್ಟರು ನೇರವಾಗಿದ್ದು ಟ್ರೇಲರು ಅದಕ್ಕೆ ತುಸು ಓರೆಯಾಗಿದೆಯೆಂದಿಟ್ಟುಕೊಳ್ಳಿ. ಆಗ ಕೊಂಡಿಯ ಚಲನೆಯನ್ನು ಎರಡು ಘಟಕಗಳಾಗಿ ಒಡೆಯಬಹುದು. ಮೂಕಿಯ ಉದ್ದಕ್ಕಿರುವ ಘಟಕವು ಟ್ರೇಲರನ್ನು ಉರುಳಿಸುತ್ತದೆ. ಮೂಕಿಗೆ ಅಡ್ಡಲಾಗಿರುವ ಘಟಕವು ಅದನ್ನು ತನ್ನ ಅಚ್ಚಿನ ಸುತ್ತ ತಿರುಗಿಸುತ್ತದೆ. ಮುಂದಕ್ಕೆ ಎಳೆಯುವಾಗ ಈ ತಿರುಗುವಿಕೆ ಓರೆಯನ್ನು ಕಡಿಮೆ ಮಾಡುವ ದಿಕ್ಕಿನಲ್ಲಿರುತ್ತದೆ, ಹಿಂದಕ್ಕೆ ನೂಕುವಾಗ ಹೆಚ್ಚಿಸುವ ದಿಕ್ಕಿನಲ್ಲಿ. ಓರೆ ಹೆಚ್ಚಾದಷ್ಟೂ ಅಡ್ಡಘಟಕ ದೊಡ್ಡದು. ಅಡ್ಡಘಟಕ ದೊಡ್ಡದಾದಷ್ಟೂ ಓರೆ ಬೇಗ ಬೇಗ ಬೆಳೆಯುತ್ತದೆ.

ಅಂದರೆ ಇದು ಚಕ್ರಬಡ್ಡಿಯ ಲೆಕ್ಕ. ಬಡ್ಡಿಯ ದರವನ್ನು ನಿರ್ಧರಿಸುವುದು ಕೊಂಡಿಯಿಂದ ಟ್ರೇಲರಿನ ಅಚ್ಚಿನವರೆಗಿನ ಉದ್ದ. ಆ ಉದ್ದದಷ್ಟು ದೂರ ಹಿಂದಕ್ಕೆ ಹೋದಾಗಲೆಲ್ಲ ಸಣ್ಣ ಓರೆಯು ಸುಮಾರು 2.7 ಪಟ್ಟಾಗುತ್ತದೆ. ಇದು ನೈಸರ್ಗಿಕ ಲಘುಗಣಕಗಳ ಆಧಾರಸಂಖ್ಯೆಯೇ ಎಂಬುದನ್ನು ಕಾಲೇಜಿನ ವಿದ್ಯಾರ್ಥಿಗಳು ಗುರುತಿಸಬಹುದು. ಉದ್ದ 3 ಮೀಟರು, ಆರಂಭದ ಓರೆ ಕೇವಲ 2 ಡಿಗ್ರಿ ಎನ್ನೋಣ. ಚಾಲಕನು ಸ್ಟಿಯರಿಂಗನ್ನು ನೇರವಾಗಿ ಹಿಡಿದು ಸುಮ್ಮನೆ ಹಿಂದಕ್ಕೆ ಬಿಟ್ಟರೆ, 3 ಮೀಟರು ಹೋಗುವಷ್ಟರಲ್ಲಿ ಓರೆ 5 ಡಿಗ್ರಿ ದಾಟಿರುತ್ತದೆ. 6 ಮೀಟರಿಗೆ ಸುಮಾರು 15 ಡಿಗ್ರಿ. 9 ಮೀಟರಿಗೆ ಸುಮಾರು 39 ಡಿಗ್ರಿ. ಎರಡು ಡಿಗ್ರಿಯ ಓರೆ ಕಣ್ಣಿಗೆ ಬೀಳುವಂಥದಲ್ಲ. ಕಣ್ಣಿಗೆ ಬಿದ್ದಾಗ ಸಾಲ ಆಗಲೇ ಬೆಳೆದಿರುತ್ತದೆ.

ಈ ಲೆಕ್ಕದಲ್ಲಿ ಕಾಲದ ಮಾತೇ ಬಂದಿಲ್ಲವೆಂಬುದನ್ನು ಗಮನಿಸಬೇಕು. ಓರೆಯು ಬೆಳೆಯುವುದು ಕ್ರಮಿಸಿದ ದೂರಕ್ಕೆ ತಕ್ಕಂತೆ. ಹೀಗಿರಲಾಗಿ ಚಾಲಕನು ತನಗೆ ಬೇಕಾದಷ್ಟು ಕಾಲವನ್ನು ತಾನೇ ಸಂಪಾದಿಸಿಕೊಳ್ಳಬಹುದು. ಸೆಕೆಂಡಿಗೆ 2 ಮೀಟರು ವೇಗದಲ್ಲಿ ಹಿಂದಕ್ಕೆ ಬಂದರೆ, ಓರೆ 2.7 ಪಟ್ಟಾಗಲು ಒಂದೂವರೆ ಸೆಕೆಂಡು ಸಾಕು. ಸೆಕೆಂಡಿಗೆ ಅರ್ಧ ಮೀಟರಿನಂತೆ ಬಂದರೆ 6 ಸೆಕೆಂಡು ಸಿಗುತ್ತದೆ. ನೋಡಿ, ತಿಳಿದು, ಕೈ ಆಡಿಸಲು ಮನುಷ್ಯನಿಗೆ ಸ್ವಲ್ಪ ಹೊತ್ತು ಬೇಕೇಬೇಕು. ಕಲಿಯುವವನಿಗೆ ಹಿರಿಯರು “ಸಾವಕಾಶ, ಸಾವಕಾಶ” ಎಂದು ಕೂಗಿ ಹೇಳುವುದು ಶಾಸ್ತ್ರಸಮ್ಮತವಾದ ಮಾತು.

ಉದ್ದ ಹೆಚ್ಚಾದರೆ ಬಡ್ಡಿ ಕಡಿಮೆ. ಆದುದರಿಂದ ದೊಡ್ಡ ಟ್ರೇಲರಿಗಿಂತ ಚಿಕ್ಕ ಟ್ರೇಲರನ್ನು ಹಿಂದಕ್ಕೆ ನಡೆಸುವುದೇ ಕಷ್ಟ! ಇದು ವಿಚಿತ್ರವಾಗಿ ತೋರಿದರೆ, ಅಂಗೈ ಮೇಲೆ ಒಂದು ಉದ್ದನೆಯ ಕೋಲನ್ನೂ ಒಂದು ಗಿಡ್ಡ ಸೀಸದಕಡ್ಡಿಯನ್ನೂ ನಿಲ್ಲಿಸಿ ನೋಡಬಹುದು. ಕೋಲು ಸಾವಕಾಶವಾಗಿ ವಾಲುತ್ತದೆ, ಕೈಗೆ ಸಮಯ ಕೊಡುತ್ತದೆ, ಕಡ್ಡಿ ಕೊಡದು. ಅಮೆರಿಕದಲ್ಲಿ ರಜೆಯ ಪ್ರವಾಸಕ್ಕೆಂದು ಮನೆಯಂಥ ಉದ್ದನೆಯ ಟ್ರೇಲರುಗಳನ್ನು ಕಾರಿಗೋ ಸಣ್ಣ ಟ್ರಕ್ಕಿಗೋ ಕಟ್ಟಿ ಎಳೆದೊಯ್ಯುವ ಕುಟುಂಬಗಳು ಬಹಳ. ನೋಡಲು ಭಯ ಹುಟ್ಟಿಸುವ ಆ ಗಾತ್ರವೇ ಹಿಂದಕ್ಕೆ ಬರುವಾಗ ಅವರಿಗೆ ಸಹಾಯಕವಾಗುತ್ತದೆ. ಆದರೆ ಅದಕ್ಕೆ ಜಾಗ ಹೆಚ್ಚು ಬೇಕೆಂಬುದು ಬೇರೆ ಮಾತು.

ಇನ್ನು ಸ್ಟಿಯರಿಂಗಿನ ದಿಕ್ಕು. ಹಿಂದಕ್ಕೆ ಬರುತ್ತ ಸ್ಟಿಯರಿಂಗನ್ನು ಬಲಕ್ಕೆ ತಿರುಗಿಸಿದರೆ ಟ್ರ್ಯಾಕ್ಟರಿನ ಹಿಂಭಾಗ ಬಲಕ್ಕೆ ಸರಿಯುತ್ತದೆ. ಕೊಂಡಿಯೂ ಬಲಕ್ಕೆ ಬಂದು ಮೂಕಿಯನ್ನು ಬಲಕ್ಕೆ ಒತ್ತುತ್ತದೆ. ಅದರಿಂದ ಟ್ರೇಲರಿನ ಬಾಲ ಎಡಕ್ಕೆ ಹೊರಳುತ್ತದೆ. ಈ ತಿರುವುಮುರುವಿಗೆ ಚಾಲಕರು ಒಂದು ಉಪಾಯ ಕಂಡುಕೊಂಡಿದ್ದಾರೆ: ಸ್ಟಿಯರಿಂಗಿನ ಕೆಳತುದಿಯನ್ನು ಹಿಡಿಯುವುದು. ಆಗ ಕೈ ಎಡಕ್ಕೆ ಸರಿದರೆ ಟ್ರೇಲರೂ ಎಡಕ್ಕೆ. ನೇರ ದಾರಿಯಲ್ಲಿ ತಿದ್ದಿಕೊಳ್ಳಲು ಇನ್ನೊಂದು ಸೂತ್ರವಿದೆ. ಹಿಂದಿರುಗಿ ನೋಡಿದಾಗ ಟ್ರೇಲರಿನ ಬಾಲ ಯಾವ ಕಡೆಗೆ ಹೊರಬಿದ್ದಿದೆಯೋ ಸ್ಟಿಯರಿಂಗನ್ನೂ ಅದೇ ಕಡೆಗೆ ತುಸು ತಿರುಗಿಸಿ, ಕೂಡಲೇ ಮರಳಿಸಬೇಕು. ಎಡಗಡೆಯ ಹೊಲದೊಳಗೆ ನುಗ್ಗಿಸಬೇಕಾದರೆ ಮೊದಲು ಬಲಕ್ಕೆ ತಿರುಗಿಸಿ ಓರೆಯನ್ನು ಬೇಕೆಂದೇ ಹುಟ್ಟಿಸಬೇಕು; ಅನಂತರ ಎಡಕ್ಕೆ ತಿರುಗಿಸಿ ಟ್ರ್ಯಾಕ್ಟರು ಟ್ರೇಲರಿನ ಜಾಡನ್ನೇ ಹಿಡಿಯುವಂತೆ ಮಾಡಬೇಕು. ಹೊಸಬರು ಸೋಲುವುದು ಈ ಎರಡನೆಯ ತಿರುವನ್ನು ತಡಮಾಡಿ.

ತಡಮಾಡಿದರೆ ಏನಾಗುವುದೆಂಬುದಕ್ಕೂ ಲೆಕ್ಕವಿದೆ. ಟ್ರ್ಯಾಕ್ಟರು ಒಂದು ಮಿತಿಗಿಂತ ಚಿಕ್ಕ ವೃತ್ತದಲ್ಲಿ ತಿರುಗಲಾರದು. ಅದರ ತ್ರಿಜ್ಯ 4.5 ಮೀಟರು, ಟ್ರೇಲರಿನ ಉದ್ದ 3 ಮೀಟರು, ಕೊಂಡಿಯು ಟ್ರ್ಯಾಕ್ಟರಿನ ಹಿಂದಿನ ಅಚ್ಚಿಗೆ ತೀರ ಸಮೀಪ ಎಂದು ಭಾವಿಸಿದರೆ, ಯಾವ ಕೋನದ ಸೈನು 3ನ್ನು 4.5ರಿಂದ ಭಾಗಿಸಿದಷ್ಟಾಗುವುದೋ ಆ ಕೋನವೇ ಎಲ್ಲೆ. ಇಲ್ಲಿ ಅದು ಸುಮಾರು 42 ಡಿಗ್ರಿ. ಓರೆ ಇದನ್ನು ದಾಟಿದ ಮೇಲೆ ಸ್ಟಿಯರಿಂಗನ್ನು ಪೂರ್ತಿ ತಿರುಗಿಸಿದರೂ ಹಿಂದಕ್ಕೆ ಬರುತ್ತ ಸರಿಪಡಿಸುವುದು ಅಸಾಧ್ಯ. ಮೂಕಿ ಹೋಗಿ ಟ್ರ್ಯಾಕ್ಟರಿನ ಹಿಂದಿನ ದೊಡ್ಡ ಗಾಲಿಗೆ ತಾಗುತ್ತದೆ. ಟ್ರ್ಯಾಕ್ಟರಿನ ಎಡ ಬಲ ಗಾಲಿಗಳಿಗೆ ಬೇರೆ ಬೇರೆ ಬ್ರೇಕು ಇರುವುದರಿಂದ, ಹೊಲದಲ್ಲಿ ಒಂದನ್ನೇ ಒತ್ತಿ ವೃತ್ತವನ್ನು ಕುಗ್ಗಿಸಬಹುದು. ತ್ರಿಜ್ಯ 3.5 ಮೀಟರಾದರೆ ಎಲ್ಲೆ 59 ಡಿಗ್ರಿಯವರೆಗೆ ಏರುತ್ತದೆ. ರಸ್ತೆಯ ಮೇಲೆ ಮಾತ್ರ ಎರಡು ಪೆಡಲುಗಳನ್ನೂ ಕೂಡಿಸಿ ಬಿಗಿದಿರಬೇಕು. ಇಷ್ಟೆಲ್ಲ ಸಾಹಸಕ್ಕಿಂತ ನಾಲ್ಕು ಮಾರು ಮುಂದಕ್ಕೆ ಎಳೆದು, ಗಾಡಿಯನ್ನು ನೆಟ್ಟಗೆ ಮಾಡಿಕೊಂಡು, ಮತ್ತೆ ಹಿಂದಕ್ಕೆ ಬರುವುದೇ ಜಾಣತನ. ಮುಂದಕ್ಕೆ ಹೋಗುವಾಗ ಪ್ರಕೃತಿಯೇ ನಮ್ಮ ಪಕ್ಷದಲ್ಲಿರುವಾಗ ಅದರ ನೆರವನ್ನು ಪಡೆಯಲು ನಾಚಿಕೆಯೇಕೆ?

ಎರಡು ಟ್ರೇಲರುಗಳಾದರೆ ಎರಡು ಕೀಲು, ಎರಡು ಅಸ್ಥಿರತೆ. ಕಟ್ಟಕಡೆಯ ಬಾಲವನ್ನು ಎಡಕ್ಕೆ ಒಯ್ಯಲು ಮೊದಲ ಟ್ರೇಲರಿನ ಬಾಲ ಬಲಕ್ಕೆ ಹೋಗಬೇಕು. ಅದಕ್ಕಾಗಿ ಸ್ಟಿಯರಿಂಗು ಎಡಕ್ಕೆ ತಿರುಗಬೇಕು. ಒಂದು ಟ್ರೇಲರಿಗೆ ‘ಬಲ, ಎಡ’ ಎಂದಿದ್ದ ಕ್ರಮ ಇಲ್ಲಿ ‘ಎಡ, ಬಲ, ಎಡ’ ಆಗುತ್ತದೆ. ಮೊದಲ ಕೀಲಿನ ತಪ್ಪು ಎರಡನೆಯದಕ್ಕೆ ಅಸಲಾಗಿ ಸೇರಿ ಅದರ ಮೇಲೆ ಮತ್ತೆ ಬಡ್ಡಿ ಬೆಳೆಯುತ್ತದೆ. ಮುಂಗಾಲಿಗಳು ಮೂಕಿಯೊಡನೆ ತಿರುಗುವಂಥ ನಾಲ್ಕು ಚಕ್ರದ ಟ್ರೇಲರು ಒಂದೇ ಆದರೂ ಈ ಲೆಕ್ಕದಲ್ಲಿ ಎರಡಕ್ಕೆ ಸಮ. ಅನುಭವಸ್ಥರು ಜೋಡಿಯನ್ನು ಬಿಚ್ಚಿ, ಒಂದೊಂದನ್ನೇ ಹೊಲದೊಳಗೆ ಒಯ್ದು, ತುಂಬಿದ ಮೇಲೆ ರಸ್ತೆಯಲ್ಲಿ ಮತ್ತೆ ಜೋಡಿಸುವುದು ಇದಕ್ಕಾಗಿಯೇ.

ಈ ವಿದ್ಯೆಯು ಯಂತ್ರಗಳಿಗೆ ಕಲಿಸುವವರನ್ನೂ ಆಕರ್ಷಿಸಿದೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಡೆರಿಕ್ ನ್ಗುಯೆನ್ ಮತ್ತು ಬರ್ನಾರ್ಡ್ ವಿಡ್ರೋ ಎಂಬವರು, ಟ್ರೇಲರುಳ್ಳ ಟ್ರಕ್ಕನ್ನು ಹಿಂದಕ್ಕೆ ನಡೆಸಿ ಸರಕು ಇಳಿಸುವ ಕಟ್ಟೆಗೆ ತಂದು ನಿಲ್ಲಿಸಲು ಗಣಕಯಂತ್ರದಲ್ಲಿ ಒಂದು ಕೃತಕ ನರಜಾಲವನ್ನು ಪಳಗಿಸಿ, 1990ರಲ್ಲಿ ಅದರ ವಿವರವನ್ನು ಪ್ರಕಟಿಸಿದರು. ಅವರು ಅನುಸರಿಸಿದ ಪಾಠಕ್ರಮ ಸ್ವಾರಸ್ಯವಾದುದು: ಮೊದಲು ಟ್ರೇಲರನ್ನು ಕಟ್ಟೆಯ ಹತ್ತಿರ ಹೆಚ್ಚುಕಡಿಮೆ ನೆಟ್ಟಗೆ ನಿಲ್ಲಿಸಿ ಅಭ್ಯಾಸ; ಅದು ಕೈಗೂಡಿದ ಮೇಲೆ ಇನ್ನಷ್ಟು ದೂರದಿಂದ, ಇನ್ನಷ್ಟು ಓರೆಯಿಂದ. ಹಳ್ಳಿಯ ಬಯಲಿನಲ್ಲಿ ಬರಿಯ ಟ್ರೇಲರು ಕಟ್ಟಿ ಹುಡುಗರಿಗೆ ಕಲಿಸುವ ಹಿರಿಯರ ಕ್ರಮವೂ ಇದೇ ತಾನೆ?

ಮುಂದಕ್ಕೆ ಹೋಗುವಾಗ ಪ್ರಕೃತಿ ನಮ್ಮ ಪಕ್ಷದಲ್ಲಿದೆಯೆಂದೆವಲ್ಲ, ಅದಕ್ಕೆ ಒಂದು ಅಪವಾದವುಂಟು. ಇಳಿಜಾರಿನಲ್ಲಿ ಚಾಲಕನು ಬ್ರೇಕು ಹಾಕಿದಾಗ ಟ್ರ್ಯಾಕ್ಟರು ನಿಧಾನವಾಗುತ್ತದೆ. ಸ್ವಂತ ಬ್ರೇಕಿಲ್ಲದ ಟ್ರೇಲರು ತನ್ನ ಜಡತ್ವದಿಂದ ಮುಂದಕ್ಕೇ ಒತ್ತುತ್ತದೆ. ಆಗ ಎಳೆತ ಹೋಗಿ ನೂಕು ಬಂದಂತಾಯಿತು. ರಸ್ತೆ ಒದ್ದೆಯಾಗಿದ್ದು ಗಾಲಿಗಳ ಹಿಡಿತ ತಪ್ಪಿದರೆ ಟ್ರ್ಯಾಕ್ಟರೇ ಅಡ್ಡಕ್ಕೆ ತಿರುಗಿ ಟ್ರೇಲರಿನಡಿಗೆ ಸಿಕ್ಕಬಹುದು. ಇಳಿಜಾರು ಬರುವ ಮೊದಲೇ ಕೆಳಗಿನ ಗೇರಿಗೆ ಬರಬೇಕೆನ್ನುವುದು ಇದಕ್ಕಾಗಿ.

ಹಿಂದಕ್ಕೆ ಬರುವಾಗಿನ ಅಪಾಯ ವೇಗದ್ದಲ್ಲ, ಕಾಣದಿರುವುದರದು. ಕಬ್ಬು ತುಂಬಿದ ಟ್ರೇಲರಿನ ಹಿಂದೆ ಏನಿದೆಯೆಂದು ಆಸನದಲ್ಲಿ ಕುಳಿತವನಿಗೆ ತಿಳಿಯದು. ಕಬ್ಬು ಕಡಿಯುವವರ ಮಕ್ಕಳು ಹೊಲದ ಅಂಚಿನಲ್ಲಿಯೇ ಆಡುತ್ತಿರುತ್ತಾರೆ, ಕೆಲವರು ಟ್ರೇಲರಿನ ನೆರಳಿನಲ್ಲಿ ಮಲಗಿರುವುದೂ ಉಂಟು. ದಾರಿ ತೋರುವ ಜೊತೆಗಾರನು ಚಾಲಕನ ಕಣ್ಣಿಗೆ ಬೀಳುವ ಪಕ್ಕದಲ್ಲಿ, ಟ್ರೇಲರಿನ ಬಾಲ ಹೊರಳಿದರೂ ತಾಗದಷ್ಟು ದೂರದಲ್ಲಿ ನಿಲ್ಲಬೇಕು. ಅವನು ಕಣ್ಮರೆಯಾದ ಕ್ಷಣವೇ ಗಾಡಿ ನಿಲ್ಲಬೇಕು. ಎಲ್ಲಕ್ಕಿಂತ ಅಪಾಯದ ಜಾಗವೆಂದರೆ ಕೊಂಡಿಗೂ ಮೂಕಿಗೂ ನಡುವಿನ ಆ ಒಂದು ಮಾರು. ಪಿನ್ನು ಹಾಕಲು ಒಬ್ಬನು ಅಲ್ಲಿ ನಿಂತಿರುವಾಗಲೇ ಟ್ರ್ಯಾಕ್ಟರನ್ನು ಹಿಂದಕ್ಕೆ ತರುವ ರೂಢಿ ಎಷ್ಟೋ ಕಡೆ ಇದೆ. ಕ್ಲಚ್ಚಿನ ಮೇಲಿನ ಕಾಲು ತುಸು ಜಾರಿದರೂ ಅವನಿಗೆ ಸರಿಯಲು ಸ್ಥಳವಿರುವುದಿಲ್ಲ. ಟ್ರ್ಯಾಕ್ಟರನ್ನು ಮೂಕಿಯ ಸಮೀಪಕ್ಕೆ ತಂದು ನಿಲ್ಲಿಸಿ, ಗೇರು ಬಿಡಿಸಿ, ಬ್ರೇಕು ಬಿಗಿದ ಅನಂತರವೇ ಪಿನ್ನು ಹಿಡಿದವನು ಪಕ್ಕದಿಂದ ಒಳಗೆ ಬರಬೇಕು.