‘ಬಿಡ್ತು ಎನ್ನು’ ಎಂಬ ನುಡಿಯೂ ಮರಣಪ್ರಸಂಗವೂ

ನಮ್ಮ ಮನೆಗಳಲ್ಲಿ ಯಾರಾದರೂ ತಮ್ಮ ಸಾವಿನ ಮಾತನ್ನೆತ್ತಿದೊಡನೆ ಬಳಿಯಲ್ಲಿರುವವರು ‘ಬಿಡ್ತು ಎನ್ನು’ ಎನ್ನುವರು. ಆಡಿದ ಅಮಂಗಳವು ಬಿಟ್ಟುಹೋಯಿತೆಂದು ಆಡಿದವನೇ ಹೇಳಿ ಮಾತನ್ನು ಹಿಂತೆಗೆದುಕೊಳ್ಳಬೇಕೆಂಬುದು ಇದರ ಅಭಿಪ್ರಾಯ. ಸಂಸ್ಕೃತ ನಾಟಕಗಳ ಪಾತ್ರಗಳು ಇಂತಹ ಸಂದರ್ಭದಲ್ಲಿ ‘ಶಾಂತಂ ಪಾಪಮ್’ ಎಂದೂ ‘ಪ್ರತಿಹತಮಮಂಗಲಮ್’ ಎಂದೂ ನುಡಿಯುವುದು ವಾಚಕರಿಗೆ ವಿದಿತವೇ ಇದೆ. ಸಾವು ಸಂಭವಿಸಿದ ಬಳಿಕವಾದರೋ ನಮ್ಮ ಭಾಷೆಗೆ ಪದದಾರಿದ್ರ್ಯವಿಲ್ಲ. ತೀರಿಕೊಂಡರು, ದೈವಾಧೀನರಾದರು, ಕೀರ್ತಿಶೇಷರಾದರು, ಲಿಂಗೈಕ್ಯರಾದರು, ಬೃಂದಾವನಸ್ಥರಾದರು ಎಂದು ಮತಕ್ಕೂ ಆಶ್ರಮಕ್ಕೂ ತಕ್ಕಂತೆ ಎಷ್ಟೋ ಮಾತುಗಳಿವೆ. ಸಾವಿಗೆ ಮುಂಚಿನ ಕಾಲಕ್ಕೆ, ಸಾಯಲಿರುವವನ ಎದುರಿನಲ್ಲಿ ಆಡುವುದಕ್ಕೆ, ನಮ್ಮಲ್ಲಿ ಉಳಿದಿರುವುದು ಮೇಲೆ ಹೇಳಿದ ಒಂದೇ ನುಡಿ. ಈ ಮೌನವು ಶಾಸ್ತ್ರಸಮ್ಮತವೆಂದು ಅನೇಕರು ಭಾವಿಸಿರುವರು. ಅದು ಎಷ್ಟರಮಟ್ಟಿಗೆ ಸರಿಯೆಂಬುದನ್ನು ಇಲ್ಲಿ ವಿಚಾರಿಸುವೆವು.

ಅಲಂಕಾರಶಾಸ್ತ್ರದಲ್ಲಿ ಅಶ್ಲೀಲವೆಂಬ ದೋಷವು ವ್ರೀಡೆ, ಜುಗುಪ್ಸೆ, ಅಮಂಗಲ ಎಂದು ಮೂರು ವಿಧ. ಮಮ್ಮಟನು ‘ಕಾವ್ಯಪ್ರಕಾಶ’ದ ದೋಷಪ್ರಕರಣದಲ್ಲಿ ಇದನ್ನು ನಿರೂಪಿಸಿರುವನು. ಮರಣವನ್ನು ಧ್ವನಿಸುವ ಪದವು ಮೂರನೆಯದಕ್ಕೆ ಸೇರುವುದು. ಆದರೆ ಇದು ಕಾವ್ಯಬಂಧದ ವಿಷಯ; ರೋಗಿಯ ಶಯ್ಯೆಯ ಬಳಿಯ ಮಾತಿಗೆ ಅನ್ವಯಿಸತಕ್ಕ ವಿಧಿಯಲ್ಲ.

ಬಲವಾದ ಪೂರ್ವಪಕ್ಷವಿರುವುದು ವೈದ್ಯಶಾಸ್ತ್ರದಲ್ಲಿ. ಚರಕಸಂಹಿತೆಯ ಇಂದ್ರಿಯಸ್ಥಾನದ 12 ಅಧ್ಯಾಯಗಳೂ ಸಮೀಪಿಸಿದ ಮರಣದ ಲಕ್ಷಣಗಳನ್ನೇ, ಅಂದರೆ ಅರಿಷ್ಟಗಳನ್ನೇ, ವಿವರಿಸುತ್ತವೆ. ವೈದ್ಯನು ಇವುಗಳನ್ನು ಬಲ್ಲವನಾಗಿರಬೇಕೆಂದು ಇಷ್ಟೊಂದು ವಿಸ್ತರಿಸಿದ ಗ್ರಂಥವು, ಕಡೆಯ ಅಧ್ಯಾಯದಲ್ಲಿ, ಲಕ್ಷಣಗಳನ್ನು ಕಂಡರೂ ಕೇಳದವನಿಗೆ ಮರಣವನ್ನು ಹೇಳಬಾರದೆನ್ನುತ್ತದೆ. ಕೇಳಿದರೂ, ಹೇಳುವುದರಿಂದ ರೋಗಿಗಾಗಲಿ ಇತರರಿಗಾಗಲಿ ಆಘಾತವಾಗುವೆಡೆಯಲ್ಲಿ ಹೇಳಬಾರದೆಂದು ಮುಂದುವರಿಯುತ್ತದೆ. ಮೌನಪಕ್ಷದವರು ಈ ವಚನವನ್ನು ಉದ್ಧರಿಸುವುದುಂಟು. ಆದರೆ ಇಲ್ಲಿಯ ಎರಡು ವಿಶೇಷಣಗಳನ್ನು ಗಮನಿಸಬೇಕು. ಮೊದಲನೆಯ ನಿಷೇಧವಿರುವುದು ‘ಅಪೃಷ್ಟ’ನಾದ ವೈದ್ಯನಿಗೆ, ಎಂದರೆ ಯಾರೂ ಕೇಳದಿದ್ದಾಗ. ಎರಡನೆಯದು ‘ಯತ್ರ’ ಎಂಬುದರಿಂದ ಸೀಮಿತವಾಗಿದೆ. ಎಲ್ಲಿ ಆಘಾತವೋ ಅಲ್ಲಿ ಮಾತ್ರ. ಹಾಗಾದರೆ ಕೇಳುವವನಿಗೆ, ಕೇಳಿ ತಡೆದುಕೊಳ್ಳಬಲ್ಲವನಿಗೆ, ಹೇಳತಕ್ಕದ್ದೆಂಬುದು ಅರ್ಥಾತ್ ಸಿದ್ಧವಾಗುವುದು. ಅದಕ್ಕಿಂತ ಹೆಚ್ಚಾಗಿ, ರೋಗಿಯು ಪ್ರಶ್ನಿಸದಂತೆ ಅವನ ಬಾಯನ್ನು ಮುಚ್ಚಿರೆಂದು ಚರಕನು ಎಲ್ಲಿಯೂ ಹೇಳಿಲ್ಲ. ವೈದ್ಯನ ಸಂಯಮಕ್ಕೆ ಹೇಳಿದುದನ್ನು ನಾವು ರೋಗಿಯ ಮೇಲೆ ಹೇರಿದ್ದೇವೆ.

ಪುರಾಣೇತಿಹಾಸಗಳ ಮಾರ್ಗವು ಇನ್ನೂ ಸ್ಪಷ್ಟ. ಪರೀಕ್ಷಿದ್ರಾಜನಿಗೆ ಏಳು ದಿನಗಳಲ್ಲಿ ಮರಣವೆಂಬ ಶಾಪವನ್ನು ತಿಳಿಸುವುದಕ್ಕೆ ಶಮೀಕಮುನಿಯು ಗೌರಮುಖನೆಂಬ ಶಿಷ್ಯನನ್ನು ಕಳುಹಿಸಿದನೆಂದು ಮಹಾಭಾರತದ ಆದಿಪರ್ವದಲ್ಲಿದೆ. ಭಾಗವತದಲ್ಲಿ ಆ ರಾಜನು ಗಂಗಾತೀರದಲ್ಲಿ ಎಲ್ಲರೆದುರಿಗೆ, ಸಾಯುತ್ತಿರುವವನು ಮಾಡತಕ್ಕದ್ದೇನೆಂದು ಕೇಳುತ್ತಾನೆ. ಶುಕನು ಆ ಪ್ರಶ್ನೆಯನ್ನು ಮೊದಲು ಶ್ಲಾಘಿಸಿಯೇ ಉತ್ತರಕ್ಕೆ ತೊಡಗುತ್ತಾನೆ. ‘ಬಿಡ್ತು ಎನ್ನು’ ಎಂದಿದ್ದರೆ ನಮಗೆ ಭಾಗವತವೇ ಇರುತ್ತಿರಲಿಲ್ಲ. ಇಂದು ಎಷ್ಟೋ ಮನೆಗಳಲ್ಲಿ ಗರುಡಪುರಾಣವನ್ನು ಸೂತಕದ ದಿನಗಳಲ್ಲಲ್ಲದೆ ತೆರೆಯಲೂ ಅಂಜುವರು!

ಕನ್ನಡನಾಡಿನ ಸಾಕ್ಷ್ಯವು ಹೆಚ್ಚು ಪ್ರಕೃತವಾದುದು. ಉಪಲಬ್ಧವಾದ ಕನ್ನಡ ಗದ್ಯಕಥಾಕೃತಿಗಳಲ್ಲಿ ಅತ್ಯಂತ ಪ್ರಾಚೀನವೆಂದು ಗಣಿತವಾದ ‘ವಡ್ಡಾರಾಧನೆ’ಯ 19 ಕಥೆಗಳ ಲಕ್ಷ್ಯವು ಒಬ್ಬೊಬ್ಬ ಮಹಾಪುರುಷನು ಹೇಗೆ ಮೃತನಾದನೆಂಬುದನ್ನು ಹೇಳುವುದೇ ಆಗಿದೆ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಪ್ರಾಚೀನ ಶಾಸನಗಳು ಮರೆಮಾತಿಲ್ಲದೆ ‘ಮುಡಿಪ್ಪಿದಾರ್’ ಎನ್ನುತ್ತವೆ. ಗಂಗರಾಜನಾದ ಮಾರಸಿಂಹನು ಸುಮಾರು ಕ್ರಿ. ಶ. 974ರಲ್ಲಿ ಬಂಕಾಪುರದಲ್ಲಿ ಅಜಿತಸೇನಭಟ್ಟಾರಕರ ಸನ್ನಿಧಿಯಲ್ಲಿ ಸಲ್ಲೇಖನವನ್ನು ಕೈಕೊಂಡುದನ್ನು ಅದೇ ಬೆಟ್ಟದ ಸ್ತಂಭಶಾಸನವು ತಿಳಿಸುತ್ತದೆ. ವ್ರತದ ಯುಕ್ತಾಯುಕ್ತತೆಯು ಇಲ್ಲಿಯ ವಿಷಯವಲ್ಲ. 2015ರಲ್ಲಿ ಆ ವಾದವು ನ್ಯಾಯಾಲಯಗಳವರೆಗೂ ಹೋಯಿತು. ಅದನ್ನು ಎಲ್ಲರೂ ಅನುಸರಿಸಬೇಕೆಂದು ನಾವು ಹೇಳುವುದೂ ಇಲ್ಲ. ಅದಕ್ಕೆ ಅಂಗವಾದ ಮಾತುಕತೆಯನ್ನು ಮಾತ್ರ ನೋಡಬೇಕು. ಸಮಂತಭದ್ರನ ‘ರತ್ನಕರಂಡಕ ಶ್ರಾವಕಾಚಾರ’ದ ಪ್ರಕಾರ ವ್ರತಿಯು ಸ್ನೇಹವೈರಗಳನ್ನು ಬಿಟ್ಟು, ಸ್ವಜನರನ್ನೂ ಪರಿಜನರನ್ನೂ ಪ್ರಿಯವಾದ ಮಾತುಗಳಿಂದ ಕ್ಷಮಿಸಿ, ತಾನೂ ಕ್ಷಮೆ ಬೇಡಬೇಕು. ಆಳುಕಾಳುಗಳ ಎದುರಿನಲ್ಲಿಯೂ ಆಡಬೇಕಾದ ಮಾತು ಇದು. ಸಾವನ್ನು ಬಚ್ಚಿಟ್ಟ ಮನೆಯಲ್ಲಿ ಇದು ನಡೆಯುವಂತಿಲ್ಲ.

ಬಚ್ಚಿಟ್ಟ ಮನೆಯೆಂದರೆ ನಮ್ಮದೇ. ನಮ್ಮ ತಂದೆಯವರಿಗೆ ಅನ್ನನಾಳದ ಅರ್ಬುದವೆಂದು ವೈದ್ಯರು ನಮಗೆ ಹೇಳಿದರು. ನಾವು ಅವರಿಗೆ ‘ಹುಣ್ಣು’ ಎಂದು ಹೇಳಿದೆವು. ಅವರು ಎರಡು ಸಲ ‘ನಾನು ಹೋದ ಮೇಲೆ ಆ ಓಲೆಯ ಕಟ್ಟುಗಳನ್ನು’ ಎಂದು ಆರಂಭಿಸಿದರು. ಎರಡು ಸಲವೂ ‘ಬಿಡ್ತು ಎನ್ನಿ’ ಎಂದವನು ಈ ಲೇಖಕನೇ. ಮೂರನೆಯ ಸಲ ಅವರು ಮಾತೆತ್ತಲಿಲ್ಲ. ಕಡೆಯ ಒಂಬತ್ತು ದಿನಗಳು ಆಸ್ಪತ್ರೆಯ ಶ್ವಾಸಯಂತ್ರದಲ್ಲಿ ಕಳೆದವು. ಅದು ಅವರಿಗೆ ಇಷ್ಟವಿತ್ತೇ ಎಂದು ಯಾರೂ ಕೇಳಿರಲಿಲ್ಲ. ಅಟ್ಟದ ಮೇಲಿದ್ದ ಎರಡು ಕಟ್ಟುಗಳು ಯಾರಿಂದಲೋ ಎರವಲು ತಂದವು. ಯಾರಿಗೆ ಹಿಂದಿರುಗಿಸಬೇಕೆಂಬುದು ಇಂದಿಗೂ ತಿಳಿಯದು.

ಈ ಪ್ರಶ್ನೆಯನ್ನು ಈಗ ರಾಜಶಾಸನವೂ ಕೇಳುತ್ತಿದೆ. ಉತ್ತರಕನ್ನಡದ ಹಳದೀಪುರದ ಅರುಣಾ ಶಾನಭಾಗರು 1973ರಲ್ಲಿ ಮುಂಬಯಿಯಲ್ಲಿ ಕ್ರೂರವಾದ ಆಕ್ರಮಣಕ್ಕೊಳಗಾಗಿ 2015ರವರೆಗೆ ಅರಿವಿಲ್ಲದಂತೆಯೇ ಬದುಕಿದರು. 2011ರಲ್ಲಿ ಸುಪ್ರೀಂ ಕೋರ್ಟು ಅವರ ವಿಷಯವನ್ನು ವಿಚಾರಿಸಿದಾಗ ಅವರ ಪರವಾಗಿ ಇತರರು ವಾದಿಸಬೇಕಾಯಿತು. ಅವರ ಮಾತು ಯಾರ ಬಳಿಯಲ್ಲಿಯೂ ಇರಲಿಲ್ಲ. 2018ರ ಮಾರ್ಚಿ 9ರಂದು ಅದೇ ನ್ಯಾಯಾಲಯವು, ಚೇತರಿಸಿಕೊಳ್ಳುವ ಆಸೆಯಿಲ್ಲದ ಸ್ಥಿತಿಯಲ್ಲಿ ತನಗೆ ಯಾವ ಚಿಕಿತ್ಸೆಯು ಬೇಡವೆಂದು ಸ್ವಸ್ಥಚಿತ್ತನಾಗಿರುವಾಗಲೇ ಬರೆದಿಡಬಹುದೆಂದು ತೀರ್ಪಿತ್ತಿತು. 2023ರಲ್ಲಿ ಕ್ರಮವನ್ನು ಸುಲಭಗೊಳಿಸಿ, ಇಬ್ಬರು ಸಾಕ್ಷಿಗಳ ಸಹಿಯೂ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣವೂ ಸಾಕೆಂದಿತು. ಕರ್ನಾಟಕ ಸರ್ಕಾರವು 2025ರ ಜನವರಿ 30ರಂದು ಇದನ್ನು ಆಚರಣೆಗೆ ತರುವ ಆಜ್ಞೆಯನ್ನು ಹೊರಡಿಸಿದೆ. ಪ್ರಾಣಹರಣಕ್ಕೆ ಇದರಲ್ಲಿ ಅನುಮತಿಯಿಲ್ಲ. ವ್ಯರ್ಥವಾದ ಚಿಕಿತ್ಸೆಯನ್ನು ನಿಲ್ಲಿಸುವುದಷ್ಟೇ.

ಪತ್ರಕ್ಕೆ ಸಾಕ್ಷಿಗಳು ಬೇಕು. ಮನೆಯವರನ್ನು ಅಥವಾ ಆಪ್ತರನ್ನು ನಿರ್ಣಯಾಧಿಕಾರಿಗಳಾಗಿ ಹೆಸರಿಸಬೇಕು. ಆದುದರಿಂದ ಮಾತನಾಡದೆ ಇದು ಸಾಗದು. ವಿದ್ವತ್ಸಂಸ್ಥೆಗಳು ಮಾಡಬಹುದಾದ ಒಂದು ಕೆಲಸವೂ ಇಲ್ಲಿದೆ: ಹಳ್ಳಿಯ ಗೃಹಸ್ಥನು ಓದಿ ತಿಳಿದು ಸಹಿ ಹಾಕಬಲ್ಲ ಕನ್ನಡದ ಒಂದು ಮಾದರಿ ಪತ್ರವನ್ನು ಸಿದ್ಧಪಡಿಸುವುದು. ಪರಿಭಾಷೆಯಲ್ಲಿ ಸಂಸ್ಕೃತದ ಮೋಹವನ್ನು ಬಿಡಬೇಕೆಂದು ಸಂಸ್ಕೃತಪಾಠಶಾಲೆಯವನಾದ ನಾನೇ ಹೇಳುವೆನು. ‘ಕೃತಕಶ್ವಾಸೋಪಕರಣ’ಕ್ಕಿಂತ ‘ವೆಂಟಿಲೇಟರ್’ ಎಂಬುದೇ ಜನಕ್ಕೆ ತಿಳಿಯುವುದು. ಸಾವಿಗೆ ‘ಸಾವು’ ಎಂದೇ ಬರೆಯತಕ್ಕದ್ದು.