ಪರದೆಯ ಮೇಲಿನ ಹುಸಿ ಎಚ್ಚರಿಕೆ

ಅಂತರ್ಜಾಲದಲ್ಲಿ ರೈಲಿನ ವೇಳೆಯನ್ನೋ ಪೇಟೆಯ ಧಾರಣೆಯನ್ನೋ ನೋಡುತ್ತಿರುವವರ ಎದುರಿಗೆ ಹಠಾತ್ತಾಗಿ ಕೆಂಪು ಕಿಟಕಿಯೊಂದು ತೆರೆದುಕೊಳ್ಳುತ್ತದೆ. ಕಂಪ್ಯೂಟರಿಗೆ ವೈರಸ್ ತಗಲಿದೆಯೆಂದೂ ಒಡನೆಯೇ ಇಂಥ ಸಂಖ್ಯೆಗೆ ಫೋನ್ ಮಾಡಬೇಕೆಂದೂ ಅದು ಇಂಗ್ಲಿಷಿನಲ್ಲಿ ಬೆದರಿಸುತ್ತದೆ. ಇಂಗ್ಲಿಷಿನಲ್ಲಿ ಬಂದುದೆಲ್ಲ ಸರಕಾರದ ಅಪ್ಪಣೆಯೆಂದು ನಂಬುವ ಹಳೆಯ ಚಾಳಿಯು ನಮ್ಮ ಜನರನ್ನು ಇನ್ನೂ ಬಿಟ್ಟಿಲ್ಲ. ಆ ಹೆದರಿಕೆಯೇ ವಂಚಕನ ಬಂಡವಾಳ.

ಬ್ರೌಸರಿನಲ್ಲಿ ತೆರೆದ ಪುಟಕ್ಕೆ ನಮ್ಮ ಯಂತ್ರದೊಳಗಿನ ಕಡತಗಳನ್ನು ಶೋಧಿಸಿ ವೈರಸ್ ಕಂಡುಹಿಡಿಯುವ ಶಕ್ತಿಯಿಲ್ಲವೆಂಬುದನ್ನು ವಾಚಕರು ಮನಗಾಣಬೇಕು. ತಮ್ಮ ನಿಜವಾದ ಎಚ್ಚರಿಕೆಗಳಲ್ಲಿ ಫೋನ್ ಸಂಖ್ಯೆ ಇರುವುದೇ ಇಲ್ಲವೆಂದು ಮೈಕ್ರೋಸಾಫ್ಟ್ ಕಂಪನಿಯವರು ಸ್ಪಷ್ಟವಾಗಿ ಸಾರಿದ್ದಾರೆ. ಕಿಟಕಿಯೊಳಗಿನ 'ಮುಚ್ಚು' ಗುಂಡಿಯನ್ನೂ ನಂಬಕೂಡದು. ಅದೂ ವಂಚಕನೇ ಬರೆದ ಚಿತ್ರವಾಗಿರಬಹುದು. ಎಸ್ಕೇಪ್ ಕೀಲಿಯನ್ನು ಒತ್ತಿ ಹಿಡಿದು, ಬ್ರೌಸರನ್ನೇ ಮುಚ್ಚತಕ್ಕದ್ದು.

ಬ್ಯಾಂಕಿನ ವೇಷ ತೊಟ್ಟು ಬರುವ ಕಿಟಕಿಯು ಇದಕ್ಕಿಂತ ಸೌಮ್ಯ. ಆದುದರಿಂದಲೇ ಹೆಚ್ಚು ಅಪಾಯಕರ. ಬೀಗದ ಗುರುತನ್ನು ಕಂಡು ಸಮಾಧಾನಪಡುವವರುಂಟು. ಸಂಪರ್ಕವು ಗುಪ್ತವಾಗಿದೆಯೆಂದಷ್ಟೇ ಅದರ ಅರ್ಥ. ಆಚೆಯ ತುದಿಯಲ್ಲಿರುವವನು ಸಾಧುವೋ ಕಳ್ಳನೋ ಎಂಬುದನ್ನು ಅದು ಹೇಳುವುದಿಲ್ಲ. ಗೂಗಲ್‌ನವರು 2023ರಲ್ಲಿ ಕ್ರೋಮಿನ ವಿಳಾಸಪಟ್ಟಿಯಿಂದ ಅದನ್ನು ತೆಗೆದದ್ದು ಈ ತಪ್ಪು ತಿಳಿವಳಿಕೆಯ ದೆಸೆಯಿಂದಲೇ. ನೋಡಬೇಕಾದುದು ವಿಳಾಸವನ್ನು, ಅದರಲ್ಲಿಯೂ ಮೊದಲನೆಯ ಒಂಟಿ ಓರೆಗೆರೆಗೆ ಹಿಂದಿರುವ ಕೊನೆಯ ಅಕ್ಷರಗಳನ್ನು. 2025ರ ಅಕ್ಟೋಬರ್ 31ರೊಳಗೆ ಬ್ಯಾಂಕುಗಳು 'ಡಾಟ್ ಬ್ಯಾಂಕ್ ಡಾಟ್ ಇನ್' ಎಂದು ಮುಗಿಯುವ ವಿಳಾಸಕ್ಕೆ ಬರತಕ್ಕದ್ದೆಂದು ರಿಜರ್ವ್ ಬ್ಯಾಂಕು ವಿಧಿಸಿತು. ಬ್ಯಾಂಕಿನ ಹೆಸರು ನಡುವೆಯೆಲ್ಲೋ ಇದ್ದು ಕೊನೆಯು ಬೇರೆಯಾಗಿದ್ದರೆ ಗುಪ್ತಪದವನ್ನಾಗಲಿ ಒಟಿಪಿಯನ್ನಾಗಲಿ ಅಲ್ಲಿ ಬರೆಯಬಾರದು.

ಈ ಸುಲಿಗೆಯ ಅಂಗಡಿಗಳು ನಮ್ಮ ದೇಶದಲ್ಲಿಯೇ ಇರುವುದು ನಾಚಿಕೆಯ ಮಾತು. 2023ರ ಅಕ್ಟೋಬರಿನಲ್ಲಿ ಸಿ.ಬಿ.ಐ.ಯವರು 76 ಸ್ಥಳಗಳನ್ನು ಶೋಧಿಸಿದರು; ಅಮೆಜಾನ್, ಮೈಕ್ರೋಸಾಫ್ಟ್ ಕಂಪನಿಗಳ ಸಹಾಯಕರೆಂದು ಹೇಳಿಕೊಂಡು ಪರದೇಶದವರನ್ನು ವಂಚಿಸುತ್ತಿದ್ದ ಕಾಲ್ ಸೆಂಟರುಗಳ ಮೊಕದ್ದಮೆಗಳೂ ಅದರಲ್ಲಿ ಸೇರಿದ್ದವು. ದುಡಿಯಬಲ್ಲ ತರುಣರನ್ನು ಕಳ್ಳತನದ ಸಂಬಳಕ್ಕೆ ಕೂಡಿಸುವವರನ್ನು ಸರಕಾರವು ಬೇರುಸಹಿತ ಕೀಳಬೇಕು.

ಬ್ಯಾಂಕುಗಳಿಗೂ ಒಂದು ಮಾತು. ಕನ್ನಡಿಗರ ಠೇವಣಿಯು ಬೇಕಾಗಿರುವವರು ಕನ್ನಡಿಗರಿಗೆ ಎಚ್ಚರಿಕೆಯನ್ನೂ ಕನ್ನಡದಲ್ಲಿಯೇ ಕೊಡಲಿ. ಓದಲಾರದ ಎಚ್ಚರಿಕೆಯಿಂದ ಯಾರಿಗೇನು ಲಾಭ?

ಮೋಸಹೋದವರು ಸಂಕೋಚಪಟ್ಟು ಸುಮ್ಮನಿರುವುದುಂಟು. ಗ್ರಾಹಕನು ತಾನೇ ಗುಟ್ಟನ್ನು ಕೊಟ್ಟಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟವು ಅವನದು, ತಿಳಿಸಿದ ಮೇಲಿನದು ಬ್ಯಾಂಕಿನದು ಎಂದು ರಿಜರ್ವ್ ಬ್ಯಾಂಕು 2017ರಲ್ಲಿ ನಿಯಮಿಸಿತು. ಆದುದರಿಂದ ತಡಮಾಡದೆ ಬ್ಯಾಂಕಿಗೂ 1930 ಸಂಖ್ಯೆಗೂ ತಿಳಿಸಬೇಕು.