ಕಂಪ್ಲೀಷನ್‌ಗೆ ಮುಂಚೆ ಬ್ಯಾಂಕ್ ಬದಲಿಸಿದರೆ ಯಾವ ಶುಲ್ಕ ತೆರಬೇಕು?

ಇಂಗ್ಲೆಂಡಿನಲ್ಲಿ ಸಾಲ ಮಾಡಿ ಮನೆ ಕೊಳ್ಳುವಾಗ ಮೂರು ಹಂತ ನೆನಪಿಟ್ಟುಕೊಂಡರೆ ಸಾಕು. ಸಾಲ ಕೊಡುತ್ತೇವೆಂದು ಬ್ಯಾಂಕು ಬರೆದುಕೊಡುವುದು ಆಫರ್. ಮಾರುವವರೂ ಕೊಳ್ಳುವವರೂ ಕರಾರಿಗೆ ಕಟ್ಟುಬೀಳುವುದು ಎಕ್ಸ್‌ಚೇಂಜ್. ಸಾಲದ ಹಣ ಕೈಬದಲಾಗಿ ಮನೆಯ ಕೀಲಿ ಸಿಗುವ ದಿನ ಕಂಪ್ಲೀಷನ್.

ಆಫರ್ ಕೈಸೇರಿ ಕಂಪ್ಲೀಷನ್ ಆಗುವುದರೊಳಗೆ ತಿಂಗಳುಗಳೇ ಕಳೆಯಬಹುದು. ಅಷ್ಟರಲ್ಲಿ ಇನ್ನೊಂದು ಬ್ಯಾಂಕಿನ ಬಡ್ಡಿ ಇಳಿದರೆ? 2022ರ ಸೆಪ್ಟೆಂಬರ್ 23ರಂದು ಬ್ರಿಟನ್ ಸರ್ಕಾರ ಮಂಡಿಸಿದ ಮಿನಿ ಬಜೆಟ್ ಆದಮೇಲೆ ಇದು ಬರೀ ಊಹೆಯ ಪ್ರಶ್ನೆಯಾಗಿ ಉಳಿಯಲಿಲ್ಲ. ಅಕ್ಟೋಬರಿನಲ್ಲಿ ಎರಡು ವರ್ಷದ ಸ್ಥಿರ ಬಡ್ಡಿಯ ಸರಾಸರಿ ಶೇ. 6 ದಾಟಿತು, ಮುಂದಿನ ವರ್ಷದ ಆರಂಭಕ್ಕೆ ಇಳಿಯತೊಡಗಿತ್ತು. ಗಾಬರಿಯಲ್ಲಿ ಆಫರ್ ಪಡೆದವರಿಗೆ ಬ್ಯಾಂಕ್ ಬದಲಿಸುವುದೇ ಲಾಭವೆಂದು ಕಂಡಿತು. ಆದರೂ ಹಲವರು ಹಿಂಜರಿಯುವುದು ಒಂದು ತಪ್ಪು ತಿಳಿವಳಿಕೆಯಿಂದ.

ಆ ತಪ್ಪು ಹುಟ್ಟುವ ಜಾಗವನ್ನು ಬೆರಳಿಟ್ಟು ತೋರಿಸಬಹುದು. ಬ್ಯಾಂಕು ಕೊಡುವ ಸಾಲದ ವಿವರಪತ್ರದ 9ನೆಯ ಭಾಗದಲ್ಲಿ ಅವಧಿಗೆ ಮುಂಚೆ ಸಾಲ ತೀರಿಸಿದರೆ ಕಟ್ಟಬೇಕಾದ ದಂಡದ ಲೆಕ್ಕವಿರುತ್ತದೆ. ಉಳಿದ ಸಾಲದ ಶೇ. 3, ಶೇ. 5 ಎಂದೆಲ್ಲ ನೋಡಿದಾಗ ಎದೆ ಧಸಕ್ಕೆನ್ನುವುದು ಸಹಜ. ಆದರೆ ಈ ದಂಡ ಪಡೆದ ಸಾಲವನ್ನು ಬೇಗ ತೀರಿಸಿದ್ದಕ್ಕೆ. ಹಣ ಇನ್ನೂ ಬಿಡುಗಡೆಯೇ ಆಗಿಲ್ಲವೆಂದರೆ ತೀರಿಸಲು ಸಾಲವೇ ಇಲ್ಲ, ದಂಡವೂ ಇಲ್ಲ. (ಹಳೆಯ ಸಾಲವನ್ನು ಹೊಸ ಬ್ಯಾಂಕಿಗೆ ಒಯ್ಯುವವರು ಆ ಹಳೆಯ ಸಾಲದ ದಂಡವನ್ನು ಬೇರೆಯಾಗಿ ನೋಡಬೇಕು.) ಆಫರ್ ಬಂದಮೇಲೆ ಯೋಚಿಸಿ ನೋಡಲೆಂದು ಸಾಲಗಾರರಿಗೆ ಸಿಗುವ, 2016ರಿಂದ ಜಾರಿಯಲ್ಲಿರುವ ಏಳು ದಿನಗಳ ಯೋಚನಾವಧಿಯೂ ಇಂಥದೇ ಗೊಂದಲ ತರುತ್ತದೆ. ಏಳು ದಿನ ಮುಗಿದರೆ ತಾವು ಸಿಕ್ಕಿಬಿದ್ದೆವು ಎಂದುಕೊಳ್ಳುತ್ತಾರೆ. ಆ ದಿನಗಳಲ್ಲಿ ಮಾತಿಗೆ ಕಟ್ಟುಬಿದ್ದಿರುವುದು ಬ್ಯಾಂಕು, ಸಾಲಗಾರರಲ್ಲ!

ಹಾಗಾದರೆ ಕಳೆದುಕೊಳ್ಳುವುದೇನು? ಆಗಲೇ ಆಗಿಹೋದ ಕೆಲಸದ ಬೆಲೆ. ಮನೆಯ ಮೌಲ್ಯಮಾಪನ ನಡೆದಿದ್ದರೆ ಅದಕ್ಕೆ ಕೊಟ್ಟ ಹಣ ಹಿಂದೆ ಬರುವುದಿಲ್ಲ. ಬಡ್ಡಿದರ ಕಾದಿರಿಸಲು ಕಟ್ಟಿದ ಬುಕಿಂಗ್ ಶುಲ್ಕವೂ ಸಾಮಾನ್ಯವಾಗಿ ಹೋದಂತೆಯೇ. ದೊಡ್ಡ ಮೊತ್ತ ಸಾಲ ಏರ್ಪಡಿಸಿದ್ದಕ್ಕೆ ಬ್ಯಾಂಕು ಪಡೆಯುವ ಅರೇಂಜ್‌ಮೆಂಟ್ ಶುಲ್ಕದ್ದು. ಎಷ್ಟೋ ಸಲ ಸಾವಿರ ಪೌಂಡಿನ ಆಸುಪಾಸು. ಇದನ್ನು ಮೊದಲೇ ಕಟ್ಟಿದ್ದರೆ ಹಿಂದಿರುಗಿಸುವುದು ಆಯಾ ಬ್ಯಾಂಕಿನ ಷರತ್ತಿಗೆ ಬಿಟ್ಟದ್ದು. ಸಾಲಕ್ಕೇ ಸೇರಿಸಿದ್ದರೆ ಸಾಲ ಬಿಡುಗಡೆಯಾಗುವವರೆಗೆ ಅದು ಬಾಕಿಯೇ ಅಲ್ಲ. ಆದ್ದರಿಂದ ಕೈಯಲ್ಲಿ ಹಣವಿದ್ದರೂ ಶುಲ್ಕವನ್ನು ಸಾಲಕ್ಕೆ ಸೇರಿಸಿ, ಕಂಪ್ಲೀಷನ್ ಆದಮೇಲೆ ಷರತ್ತು ನೋಡಿಕೊಂಡು ಕಟ್ಟಿಬಿಡುವುದು ಜಾಣತನ. ಇಷ್ಟು ಸರಳ ಉಪಾಯ ಗೊತ್ತಿಲ್ಲದೆ ಜನ ಹಣ ಕಳೆದುಕೊಳ್ಳುವುದು ನನಗೆ ನಿಜಕ್ಕೂ ಬೇಸರದ ಸಂಗತಿ.

ಸಾಲ ಕೊಡಿಸುವ ಬ್ರೋಕರ್ ಮಾತು ಬೇರೆ. ಅವರಿಗೆ ಬ್ಯಾಂಕಿನಿಂದ ಬರುವ ಕಮಿಷನ್ ಸಾಮಾನ್ಯವಾಗಿ ಕಂಪ್ಲೀಷನ್ ಆದಮೇಲೆಯೇ. ನೀವು ನಡುವೆ ಕೈಬಿಟ್ಟರೆ ಅವರ ದುಡಿಮೆಗೆ ಫಲವಿಲ್ಲ. ಅದಕ್ಕೇ ಕೆಲವರು ಅರ್ಜಿ ಹಾಕಿದಾಗಲೋ ಆಫರ್ ಬಂದಾಗಲೋ ಶುಲ್ಕ ಕೊಡಬೇಕೆಂದು ಮೊದಲೇ ಬರೆಸಿಕೊಂಡಿರುತ್ತಾರೆ. ಹಾಗೆ ಸಹಿ ಮಾಡಿದ್ದರೆ ಬ್ಯಾಂಕ್ ಬದಲಿಸಿದರೂ ಆ ಹಣ ಕೊಡಬೇಕು. ಅದೇ ಬ್ರೋಕರ್‌ಗೆ ಹೊಸ ಬ್ಯಾಂಕಿನ ಕೆಲಸವನ್ನೂ ಒಪ್ಪಿಸಿದರೆ ಎರಡನೆಯ ಸಲ ಶುಲ್ಕವಿದೆಯೇ ಎಂದು ಕೇಳಿ ತಿಳಿದುಕೊಳ್ಳಿ.

ಇವೆಲ್ಲಕ್ಕಿಂತ ದುಬಾರಿಯಾಗಬಲ್ಲದ್ದು ಸಮಯ. ಮನೆ ಖರೀದಿಯ ಕಾಗದಪತ್ರ ನೋಡುವ ವಕೀಲರು, ಅಂದರೆ ಸಾಲಿಸಿಟರ್, ಸಾಮಾನ್ಯವಾಗಿ ನಿಮ್ಮ ಪರವಾಗಿಯೂ ಬ್ಯಾಂಕಿನ ಪರವಾಗಿಯೂ ಕೆಲಸ ಮಾಡುತ್ತಾರೆ. ಹೊಸ ಬ್ಯಾಂಕಿನ ಪಟ್ಟಿಯಲ್ಲಿ ಅವರಿಲ್ಲದಿದ್ದರೆ ಇನ್ನೊಬ್ಬರನ್ನು ಹುಡುಕಬೇಕಾದೀತು. ಇದ್ದರೂ ಕಾಗದಪತ್ರ ಮತ್ತೆ ನೋಡಿದ್ದಕ್ಕೆ ಹೆಚ್ಚುವರಿ ಬಿಲ್ ಬರಬಹುದು. ಎಕ್ಸ್‌ಚೇಂಜ್ ಆದಮೇಲೆ ಬದಲಿಸುವುದಂತೂ ಅಪಾಯ. ಗೊತ್ತಾದ ದಿನ ಹಣ ಒದಗದಿದ್ದರೆ ಮಾರುವವರು ಗಡುವು ಹಾಕಿ ನೋಟಿಸ್ ಕೊಡುತ್ತಾರೆ. ಆ ಗಡುವೂ ಮೀರಿದರೆ ಮನೆಬೆಲೆಯ ಶೇ. 10ರಷ್ಟು ಕಟ್ಟಿದ ಡಿಪಾಸಿಟ್ಟೇ ಹೋಗಬಹುದು. ಬಡ್ಡಿಯಲ್ಲಿ ಉಳಿಸಿದ್ದು ಅದರ ಮುಂದೆ ಏನೂ ಅಲ್ಲ.

ಲಂಡನ್, ರೀಡಿಂಗ್ ಕಡೆ ಮನೆ ನೋಡುತ್ತಿರುವ ನಮ್ಮವರಲ್ಲಿ ನನ್ನದೊಂದು ಕೋರಿಕೆ: ವಿವರಪತ್ರದ 4ನೆಯ ಭಾಗವನ್ನು ಪೆನ್ಸಿಲ್ ಹಿಡಿದು ಓದಿ. ಪ್ರತಿ ಶುಲ್ಕದ ಪಕ್ಕದಲ್ಲಿ ಅದು ಯಾವಾಗ ಬಾಕಿಯಾಗುತ್ತದೆ, ಹಿಂದಕ್ಕೆ ಬರುತ್ತದೆಯೇ ಎಂದು ಗುರುತು ಹಾಕಿಕೊಳ್ಳಿ. ಸ್ಪಷ್ಟವಿಲ್ಲದ್ದನ್ನು ಬ್ಯಾಂಕಿನಿಂದ ಬರವಣಿಗೆಯಲ್ಲೇ ಕೇಳಿ ಪಡೆಯಿರಿ. ಸ್ಕಾಟ್ಲೆಂಡಿನಲ್ಲಿ ಮನೆ ಕೊಳ್ಳುವ ಕ್ರಮವೇ ಬೇರೆ. ಅಲ್ಲಿಯವರು ಸ್ಥಳೀಯ ಸಾಲಿಸಿಟರ್‌ರನ್ನು ವಿಚಾರಿಸಿಯೇ ಹೆಜ್ಜೆ ಇಡಬೇಕು.